ತೀರಿಕೊಂಡವರ ಒಟಿಪಿಯಿಂದ ರಿಟರ್ನ್ ತುಂಬಬೇಡಿ

ಪ್ರಶ್ನೆ: ರೈಲ್ವೆ ಪಿಂಚಣಿದಾರರಾಗಿದ್ದ ನಮ್ಮ ತಂದೆ ನವೆಂಬರ್ 12ಕ್ಕೆ ತೀರಿಕೊಂಡರು. ಎಫ್‌ಡಿ ಬಡ್ಡಿಯಲ್ಲಿ ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಹಿಡಿದಿದ್ದಾರೆ, ರಿಫಂಡ್ ಬರಬೇಕು. ಅವರ ಪಾಸ್‌ವರ್ಡ್, ಸಿಮ್ ಎರಡೂ ನನ್ನ ಹತ್ತಿರ ಇವೆ. ಆದಾಯ ತೆರಿಗೆ ರಿಟರ್ನ್ ಅವರ ಹೆಸರಿನಲ್ಲೇ ತುಂಬಿಬಿಡಲೇ?
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ತುಂಬಬೇಡಿ. ಎಷ್ಟು ಸಲ ಬರೆದರೂ ಇದೇ ಪ್ರಶ್ನೆ ಬರುತ್ತದೆ. ಒಟಿಪಿ ಒತ್ತುವುದೆಂದರೆ ಸಹಿ ಮಾಡಿದಂತೆ. ನವೆಂಬರ್‌ನಲ್ಲಿ ತೀರಿಕೊಂಡವರು ಜುಲೈನಲ್ಲಿ ಸಹಿ ಮಾಡುವುದು ಹೇಗೆ? ‘ಯಾರೂ ನೋಡೂದಿಲ್ಲ ಬಿಡ್ರಿ’ ಎನ್ನುವ ಏಜೆಂಟರು ನೋಟಿಸ್ ಬಂದ ದಿನ ಫೋನ್ ಎತ್ತುವುದಿಲ್ಲ.

ಮೊದಲು ನಿಮ್ಮ ಪ್ಯಾನ್‌ನಿಂದ ಆದಾಯ ತೆರಿಗೆ ಪೋರ್ಟಲ್‌ಗೆ ಲಾಗಿನ್ ಆಗಿ, ‘ಆಥರೈಸ್ಡ್ ಪಾರ್ಟ್‌ನರ್ಸ್’ ಅಡಿಯಲ್ಲಿ ತಂದೆಯವರ ವಾರಸುದಾರರೆಂದು ನೋಂದಾಯಿಸಿ. ಇಬ್ಬರ ಪ್ಯಾನ್, ಮರಣ ಪ್ರಮಾಣಪತ್ರ, ವಾರಸಾ ದಾಖಲೆ ಬೇಕು. ವಾರಸಾ ದಾಖಲೆಯಾಗಿ ನೋಂದಾಯಿತ ಮೃತ್ಯುಪತ್ರ (ವಿಲ್) ನಡೆಯುತ್ತದೆ. ಇಲ್ಲವಾದರೆ ನಾಡಕಚೇರಿಯಿಂದ ಬದುಕಿರುವ ಕುಟುಂಬ ಸದಸ್ಯರ ದೃಢೀಕರಣ ಪತ್ರ ತನ್ನಿ. ವಂಶವೃಕ್ಷವೊಂದನ್ನೇ ನೆಚ್ಚಿಕೊಳ್ಳಬೇಡಿ.

ನಮ್ಮ ಕಡೆ ಅರ್ಜಿ ತಿರಸ್ಕಾರವಾಗುವುದು ಹೆಸರಿನಿಂದ. ಪ್ಯಾನ್‌ನಲ್ಲಿ ‘ಬಸಪ್ಪ’, ಪಾಲಿಕೆಯ ಪ್ರಮಾಣಪತ್ರದಲ್ಲಿ ‘ಬಸವಣ್ಣೆಪ್ಪ’. ಒಂದರಲ್ಲಿ ಅಡ್ಡಹೆಸರು ಮುಂದೆ, ಇನ್ನೊಂದರಲ್ಲಿ ಅದು ಇಲ್ಲವೇ ಇಲ್ಲ. ಅಪ್‌ಲೋಡ್ ಮಾಡುವ ಮುಂಚೆ ಎರಡನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ಓದಿ. ತಪ್ಪಿದ್ದರೆ ಮೊದಲು ಪಾಲಿಕೆಯಲ್ಲೇ ತಿದ್ದಿಸಿ.

ಅನುಮೋದನೆ ಸಿಕ್ಕ ಮೇಲೆ ಏಪ್ರಿಲ್ 1ರಿಂದ ನವೆಂಬರ್ 12ರವರೆಗಿನ ಆದಾಯವನ್ನಷ್ಟೇ ತಂದೆಯವರ ರಿಟರ್ನ್‌ನಲ್ಲಿ ತೋರಿಸಿ. ನಂತರದ ಬಡ್ಡಿ ಅವರದಲ್ಲ. ಅದರ ಟಿಡಿಎಸ್ ಕೂಡ ಅವರದಲ್ಲ. ಬ್ಯಾಂಕಿಗೆ ತಿಳಿಸದಿದ್ದರೆ ಮಾರ್ಚ್‌ವರೆಗಿನ ಪೂರ್ತಿ ಬಡ್ಡಿ ಅವರ ಪ್ಯಾನ್‌ಗೇ ಏರಿರುತ್ತದೆ, ಎಐಎಸ್‌ಗೂ (ಇಲಾಖೆಯ ಬಳಿ ಇರುವ ವಾರ್ಷಿಕ ಆದಾಯ ಮಾಹಿತಿ ಪಟ್ಟಿ) ರಿಟರ್ನ್‌ಗೂ ತಾಳೆಯಾಗುವುದಿಲ್ಲ. ಹಾಗಾಗಿ ಮರಣ ಪ್ರಮಾಣಪತ್ರ ಕೈಗೆ ಬಂದ ವಾರವೇ ಬ್ಯಾಂಕಿಗೆ ಹೋಗಿ.

ತಂದೆಯವರದು ತಾಯಿಯ ಜೊತೆ ಜಂಟಿ ಖಾತೆಯಾಗಿದ್ದರೆ ರಿಫಂಡ್ ಬರುವವರೆಗೆ ಮುಚ್ಚಲೇಬೇಡಿ. ಮುಚ್ಚಿದ ಖಾತೆಗೆ ಕಳಿಸಿದ ಹಣ ತಿರುಗಿ ಹೋಗುತ್ತದೆ. ರಿಫಂಡ್ ಮತ್ತೊಮ್ಮೆ ಕಳಿಸಿ ಎಂದು ‘ರಿಫಂಡ್ ರೀಇಶ್ಯೂ’ ಅರ್ಜಿ ಹಾಕಿ ಮತ್ತೆ ಕಾಯಬೇಕು. ಪ್ಯಾನ್ ಒಪ್ಪಿಸಲೂ ಅವಸರ ಬೇಡ. ಇನ್ನೊಂದು ಮಾತು: ರಿಟರ್ನ್ ತುಂಬಿದ ಮಾತ್ರಕ್ಕೆ ರಿಫಂಡ್ ನಿಮ್ಮದಾಗುವುದಿಲ್ಲ, ಅದು ಎಲ್ಲ ವಾರಸುದಾರರ ಪಾಲು. ತಾಯಿ, ಅಕ್ಕ-ತಂಗಿಯರಿಗೆ ಮೊದಲೇ ಹೇಳಿಡಿ.

ಪ್ರಶ್ನೆ: ತಂದೆಯಿಂದ ಬಂದ ಮನೆಗೆ ವಾರಸಾ ತೆರಿಗೆ ಕಟ್ಟಬೇಕೇ?
– ಗದಗ

ಉತ್ತರ: ಇಲ್ಲ. ತೀರಿಕೊಂಡವರ ಆಸ್ತಿಯ ಮೇಲಿದ್ದ ಎಸ್ಟೇಟ್ ಡ್ಯೂಟಿ ಎಂಬ ತೆರಿಗೆ 1985ರಲ್ಲೇ ರದ್ದಾಗಿದೆ.

ಪ್ರಶ್ನೆ: ಅಣ್ಣ ಉಳಿಸಿಹೋದ ತೆರಿಗೆ ಬಾಕಿಗೆ ನನ್ನ ಸಂಬಳ ಹಿಡಿಯುತ್ತಾರೆಯೇ?
– ರಾಣೆಬೆನ್ನೂರು

ಉತ್ತರ: ನಿಮ್ಮ ಹೊಣೆ ಅಣ್ಣನಿಂದ ಬಂದ ಆಸ್ತಿಯ ಬೆಲೆಯಷ್ಟೇ. ಆದರೆ ಬಾಕಿ ತೀರಿಸದೆ ಆ ಆಸ್ತಿ ಮಾರಿದರೆ, ಮಾರಿದ ಆಸ್ತಿಯ ಬೆಲೆಯಷ್ಟಕ್ಕೆ ನೀವೇ ಸ್ವಂತ ಹೊಣೆ. ಆಸ್ತಿ ಮಾರುವ ಮಾತೇನಾದರೂ ಇದ್ದರೆ ಸದ್ಯ ನಿಲ್ಲಿಸಿ.