ಸೀಟು ಬೇಡಿ, ಹೋಟೆಲ್ ದುಡ್ಡು ಕೇಳಿ

ಶಿಡ್ಲಘಟ್ಟದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: ಜರ್ಮನಿಯಲ್ಲಿರುವ ಮಗಳನ್ನು ನೋಡಲು ಹೋಗಬೇಕಿತ್ತು. ಒಂದು ರಾತ್ರಿ ಬಿಸಿನೆಸ್ ಕ್ಲಾಸ್ ಟಿಕೆಟ್ 19 ಸಾವಿರಕ್ಕೆ ಕಂಡಿತು. ‘ಸೊನ್ನೆ ಬಿಟ್ಟುಹೋಗಿದೆ ಮಾವ, ಬೇಗ ಒತ್ತಿ’ ಅಂದ ಅಳಿಯ. ಗಂಡ ಹೆಂಡತಿ ಇಬ್ಬರಿಗೂ ಬುಕ್ ಆಯ್ತು, ಟಿಕೆಟ್ ನಂಬರೂ ಬಂತು. ಹಾಗೇ ಪ್ಯಾರಿಸ್ಸನ್ನೂ ನೋಡೋಣ ಅಂತ ಹೋಟೆಲ್ಲಿಗೆ ದುಡ್ಡು ಕಟ್ಟಿದರು. ಮೂರನೇ ದಿನ ‘ದರ ತಪ್ಪಾಗಿತ್ತು’ ಅಂತ ಟಿಕೆಟ್ ರದ್ದು. ಟಿಕೆಟ್ ದುಡ್ಡು ಬಂತು, ಹೋಟೆಲ್ಲಿನದು ಬರಲಿಲ್ಲ. ‘ದುಡ್ಡು ತಗೊಂಡ ಮೇಲೆ ಹೇಗೆ ರದ್ದು ಮಾಡುತ್ತಾರೆ? ಕೇಸ್ ಹಾಕಲೇ?’

ಮೇಷ್ಟ್ರೇ, ಹಾಕಬಹುದು. ಸೀಟಿಗಾಗಿ ಅಲ್ಲ, ಹೋಟೆಲ್ ದುಡ್ಡಿಗಾಗಿ.

1872ರ ಕರಾರು ಕಾಯ್ದೆಯ 22ನೇ ಕಲಂ ನೋಡಿದರೆ ನಿಮಗೆ ಖುಷಿಯಾಗುತ್ತದೆ. ಒಬ್ಬರ ಕಡೆ ಮಾತ್ರ ತಪ್ಪಾಗಿದ್ದರೆ ಅಷ್ಟಕ್ಕೇ ಕರಾರು ಬಿದ್ದುಹೋಗುವುದಿಲ್ಲ ಅನ್ನುತ್ತದೆ ಅದು. ಆದರೆ ನಿಮ್ಮ ಅಳಿಯನ ಆ ಒಂದು ಮಾತಿದೆಯಲ್ಲ, ಅದೇ ತೊಡಕು. 2003ರಲ್ಲಿ ಸಿಂಗಪುರದಲ್ಲಿ 3,854 ಡಾಲರಿನ ಪ್ರಿಂಟರ್ ಒಂದು ವೆಬ್‌ಸೈಟಿನಲ್ಲಿ 66 ಡಾಲರಿಗೆ ಬಂದುಬಿಟ್ಟಿತ್ತು. ಆರು ಜನ ಸೇರಿ ರಾತ್ರೋರಾತ್ರಿ 1,606 ಪ್ರಿಂಟರ್ ಬುಕ್ ಮಾಡಿದರು. ಕೋರ್ಟಿನಲ್ಲಿ ಅವರು ಪರಸ್ಪರ ಕಳಿಸಿಕೊಂಡಿದ್ದ ಮೆಸೇಜುಗಳೇ ಅವರಿಗೆ ಮುಳುವಾದವು. ತಪ್ಪು ಅಂತ ಗೊತ್ತಿದ್ದೂ ಕೊಂಡವರಿಗೆ ಹಕ್ಕಿಲ್ಲ ಅಂತ ತೀರ್ಪು ಬಂತು. ಅದು ನಮ್ಮ ದೇಶದ ತೀರ್ಪಲ್ಲ, ಸರಿ, ಆದರೆ ಏರ್‌ಲೈನಿನ ವಕೀಲರು ಹಿಡಿಯುವ ದಾರಿ ಅದೇ.

ಇಂಥ ತಪ್ಪು ಆಗುವುದು ಹೇಗೆ ಅಂದರೆ, ವಿದೇಶದ ಟಿಕೆಟ್ಟಿನಲ್ಲಿ ಮೂಲ ದರ, ಅದರ ಮೇಲೆ ಇಂಧನದ ಸರ್‌ಚಾರ್ಜು, ತೆರಿಗೆ ಎಲ್ಲ ಬೇರೆ ಬೇರೆ ಸಾಲಿನಲ್ಲಿ ಕೂರುತ್ತವೆ, ಸರ್‌ಚಾರ್ಜಿನ ಸಾಲು ಬಿಟ್ಟುಹೋದರೆ ಅಥವಾ ಒಂದು ದೇಶದ ಹಣವನ್ನು ಇನ್ನೊಂದಕ್ಕೆ ಬದಲಿಸುವಲ್ಲಿ ಎಡವಿದರೆ ದರ ಪಾತಾಳಕ್ಕೆ ಇಳಿಯುತ್ತದೆ. 2006ರಲ್ಲಿ ಇಟಲಿಯ ಏರ್‌ಲೈನ್ ಅಲಿಟಾಲಿಯಾ ಟೊರಾಂಟೊದಿಂದ ಸೈಪ್ರಸ್ಸಿಗೆ 3,900 ಡಾಲರ್ ಅನ್ನುವ ಕಡೆ 39 ಅಂತ ಹಾಕಿತ್ತು, ಆ ದರಕ್ಕೇ ಕರೆದೊಯ್ದಿತು. 2019ರ ಹೊಸ ವರ್ಷದ ದಿನ ಕ್ಯಾಥೆ ಪೆಸಿಫಿಕ್ ಕೂಡ ‘ತಪ್ಪು ನಮ್ಮದು, ಬನ್ನಿ’ ಅಂದಿತು. ಅಮೆರಿಕದ ಯುನೈಟೆಡ್ ಏರ್‌ಲೈನ್ಸ್ 2015ರಲ್ಲಿ ಸುಮ್ನೆ ರದ್ದು ಮಾಡಿತು. ಅಂದರೆ ಕೊಡುವುದು ಬಿಡುವುದು ಅವರ ಮರ್ಜಿ.

ಹಾಗಂತ ಅವರನ್ನು ಸುಮ್ಮನೆ ಬಿಡಬೇಕಿಲ್ಲ. ನಿಮ್ಮೂರಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರ್ ಒಬ್ಬ ತಪ್ಪಿ ಹತ್ತು ಪಟ್ಟು ಬೆಲೆ ಕೂಗಿದ ಅಂದುಕೊಳ್ಳಿ. ಅದೇ ರೇಟು ಕೊಡು ಅಂತ ರೈತ ಪಟ್ಟು ಹಿಡಿದರೆ ಸುತ್ತಲಿನವರು ನಗುತ್ತಾರೆ. ಆದರೆ ರೀಲರ್ ಅದನ್ನು ಮೂರು ದಿನ ಬಿಟ್ಟು ಹೇಳಿ, ಅಷ್ಟರಲ್ಲಿ ಚಿಟ್ಟೆ ಹೊರಬಂದು ಗೂಡು ತೂತಾಗಿದ್ದರೆ? ಆ ನಷ್ಟ ಕೂಗಿದವನದೇ, ಅಲ್ವಾ? ಅಮೆರಿಕದ ಸಾರಿಗೆ ಇಲಾಖೆ 2015ರ ಮೇ ತಿಂಗಳಲ್ಲಿ ಹೇಳಿದ್ದೂ ಇದನ್ನೇ: ದರ ತಪ್ಪಾಗಿತ್ತು ಅಂತ ತೋರಿಸಿ ರದ್ದು ಮಾಡಬಹುದು, ಆದರೆ ಆ ಟಿಕೆಟ್ ನಂಬಿ ಪ್ರಯಾಣಿಕ ಕಳೆದುಕೊಂಡ ಹೋಟೆಲ್ ದುಡ್ಡನ್ನೂ ಕೊಡಬೇಕು. ಇಲ್ಲಿಂದ ಜರ್ಮನಿಗೆ ಹೋಗುವ ವಿಮಾನಕ್ಕೆ ಆ ನಿಯಮ ನಡೆಯದು, ಆದರೆ ವಾದಕ್ಕೆ ಬರುತ್ತದೆ. ನಾವು ತಾರೀಕು ತಪ್ಪಾಗಿ ಒತ್ತಿ ಮೂರನೇ ದಿನ ಫೋನ್ ಮಾಡಿದರೆ ಇವರು ಬಿಡುತ್ತಾರಾ? ದಂಡ ಕೀಳದೆ ಇರುವುದಿಲ್ಲ.

ಈಗ ಟಿಕೆಟ್ ಬಂದ ಮೇಲ್, ಹೋಟೆಲ್ ರಸೀದಿ, ರದ್ದಾದ ಮೇಲ್ ಮೂರನ್ನೂ ಗಂಟೆ ಸಮೇತ ಸಾಲಾಗಿ ಜೋಡಿಸಿ ಏರ್‌ಲೈನಿಗೆ ಬರೆಯಿರಿ. ಹೋಟೆಲ್ ಬುಕ್ ಆಗಿದ್ದು ನಡುವಿನಲ್ಲಿ ಅನ್ನುವುದೇ ನಿಮ್ಮ ಬಲ. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಆಮೇಲೆ ಚಿಕ್ಕಬಳ್ಳಾಪುರದ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದ ಒಳಗೆ. ಕೊಟ್ಟ ಬೆಲೆ 5 ಲಕ್ಷದ ಒಳಗಿದ್ದರೆ ಶುಲ್ಕ ಇಲ್ಲ. ಅಳಿಯನ ಮಾತನ್ನು ಮುಚ್ಚಿಡಬೇಡಿ, ಕೇಳಿದರೆ ಇದ್ದದ್ದು ಹೇಳಿ. ಕೇಳುತ್ತಿರುವುದು ಬಿಸಿನೆಸ್ ಕ್ಲಾಸ್ ಅಲ್ಲವಲ್ಲ. ಮುಂದಿನ ಸಲ ಟಿಕೆಟ್ ತೀರಾ ಅಗ್ಗ ಅನ್ನಿಸಿದರೆ, ನೂರಿನ್ನೂರು ಜಾಸ್ತಿ ಆದರೂ, ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವ ಹೋಟೆಲ್ಲನ್ನೇ ಬುಕ್ ಮಾಡಿ.

- ಸಂ.