ಪ್ರೋಟಾನ್ ಕಥೆ ಎಲ್ಲಿ? ಗದಗಿನ ಹೊಸ ಲೇಖಕರಿಗೆ ಉತ್ತರ

ನಮಸ್ಕಾರ. ಮಹಾ ಏಕೀಕರಣ ಸಿದ್ಧಾಂತದ ಬಗ್ಗೆ ನೀವು ಧಾರವಾಡಕ್ಕೆ, ನಮ್ಮ ಪತ್ರಿಕೆಗೆ ಕಳಿಸಿದ ಲೇಖನ ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಲು ಬರುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಶುರು ಚೆನ್ನಾಗಿದೆ. ನಿಮ್ಮೂರಿನ ತ್ರಿಕೂಟೇಶ್ವರ ಗುಡಿಯಲ್ಲಿ ಒಂದೇ ಕಲ್ಲಿನ ಮೇಲೆ ಮೂರು ಲಿಂಗ ಇರುವಂತೆ ಮೂರು ಬಲಗಳಿಗೂ ಮೂಲ ಒಂದೇ ಅಂತ ಬರೆದಿದ್ದೀರಿ. ಅದು ಇರಲಿ. ಆದರೆ ಮುಂದಿನ ಪುಟದಲ್ಲೇ ಗುರುತ್ವವನ್ನೂ ಸೇರಿಸಿ ನಾಲ್ಕು ಮಾಡಿಬಿಟ್ಟಿರಲ್ಲ, ಅದು ತಪ್ಪು. ಈ ಸಿದ್ಧಾಂತ ಜೋಡಿಸಲು ಹೊರಟಿದ್ದು ವಿದ್ಯುತ್ಕಾಂತ ಬಲ, ಕೆಲವು ಬಗೆಯ ವಿಕಿರಣಕ್ಕೆ ಕಾರಣವಾಗುವ ದುರ್ಬಲ ಬಲ, ಪರಮಾಣುವಿನ ಬೀಜವನ್ನು ಹಿಡಿದಿಡುವ ಪ್ರಬಲ ಬಲ, ಇಷ್ಟನ್ನೇ.

ನನ್ನ ದೊಡ್ಡ ತಕರಾರು ಬೇರೆ. 1974ರಲ್ಲಿ ಭೌತವಿಜ್ಞಾನಿಗಳಾದ ಜಾರ್ಜಿ ಮತ್ತು ಗ್ಲಾಶೋ ಎಸ್‌ಯು(5) ಎಂಬ ಮಹಾ ಏಕೀಕರಣ ಸಿದ್ಧಾಂತ ಕಟ್ಟಿದರು ಅನ್ನುತ್ತೀರಿ, ಎಷ್ಟು ಸುಂದರ ಅಂತ ಹೊಗಳುತ್ತೀರಿ, ಅಲ್ಲಿಗೇ ನಿಲ್ಲಿಸುತ್ತೀರಿ. ಓದಿದವರು ಅದು ಸಾಬೀತಾಗಿದೆ ಅಂದುಕೊಳ್ಳುತ್ತಾರೆ, ಅಲ್ವಾ? ಸುಂದರ ಯಾಕೆ ಅಂತ ತೋರಿಸಿ. ಮೂಲಕಣಗಳ ಒಂದು ಪೀಳಿಗೆಯ, ಅಂದರೆ ಒಂದು ಕುಟುಂಬದ, 15 ಕಣಗಳು 5 ಮತ್ತು 10ರ ಎರಡು ಗುಂಪಿನಲ್ಲಿ ಸರಿಯಾಗಿ ಕೂರುತ್ತವೆ, ಪ್ರೋಟಾನ್ ಒಳಗಿನ ಕ್ವಾರ್ಕು ಕಣಗಳು ಮತ್ತು ಎಲೆಕ್ಟ್ರಾನುಗಳ ನಡುವಿನ ಗೋಡೆ ಹೋಗುತ್ತದೆ. ಗೋಡೆ ಹೋದಮೇಲೆ ಪ್ರೋಟಾನ್ ಶಾಶ್ವತ ಅಲ್ಲ, ಎಂದಾದರೂ ಒಡೆದು ಪಾಸಿಟ್ರಾನ್ (ಎಲೆಕ್ಟ್ರಾನಿನ ಪ್ರತಿಕಣ) ಮತ್ತು ಪಯಾನ್ ಎಂಬ ಹಗುರ ಕಣ ಆಗಲೇಬೇಕು. ಅದರ ಆಯುಸ್ಸು ಲೆಕ್ಕದ ಪ್ರಕಾರ 1ರ ಮುಂದೆ ಸುಮಾರು 30 ಸೊನ್ನೆ ವರ್ಷ. ಅಷ್ಟು ವರ್ಷ ಯಾರು ಕಾಯುತ್ತಾರೆ ಅಂತ ಯಾರೂ ಸುಮ್ನೆ ಕೂರಲಿಲ್ಲ, ಯಾಕೆಂದರೆ ಒಂದು ಟನ್ ಕಬ್ಬಿಣದಲ್ಲೇ 1ರ ಮುಂದೆ 29 ಸೊನ್ನೆಗಿಂತ ಜಾಸ್ತಿ ಪ್ರೋಟಾನ್‌ಗಳಿವೆ, ಕಬ್ಬಿಣ ಸಾಕಷ್ಟಿದ್ದರೆ ವರ್ಷದೊಳಗೇ ಕೆಲವು ಒಡೆಯುವುದು ಕಾಣಬೇಕು.

ಹಾಗೆ ಕಬ್ಬಿಣ ಪೇರಿಸಿ ಕಾದದ್ದು ಎಲ್ಲಿ ಗೊತ್ತಾ? ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ! 1980ರ ಹೊತ್ತಿಗೆ ಮುಂಬೈಯ ಸಂಶೋಧನಾ ಸಂಸ್ಥೆ ಟಿಐಎಫ್‌ಆರ್ ಮತ್ತು ಜಪಾನಿನ ವಿಜ್ಞಾನಿಗಳು ಎರಡು ಕಿಲೋಮೀಟರಿಗೂ ಕೆಳಗೆ 140 ಟನ್ನಿನ ಉಪಕರಣ ಇಟ್ಟರು. ಆಕಾಶದಿಂದ ಬಂದು ಸುಳ್ಳು ಗುರುತು ಮೂಡಿಸುವ ಕಾಸ್ಮಿಕ್ ಕಿರಣಗಳ ಕಾಟ ಅಷ್ಟು ಆಳದಲ್ಲಿ ಕಡಿಮೆ. ಪ್ರೋಟಾನ್ ಒಡೆದಂತೆ ಕಂಡ ಕೆಲವು ಗುರುತುಗಳೂ ಸಿಕ್ಕವು. ಆದರೆ ಇದೇ ಹುಡುಕಾಟಕ್ಕೆ ಕಟ್ಟಿದ ಅಮೆರಿಕ, ಜಪಾನಿನ ದೊಡ್ಡ ನೀರಿನ ತೊಟ್ಟಿಗಳಲ್ಲಿ ಅದು ಕಾಣಲಿಲ್ಲ, ಮೂಲ ಎಸ್‌ಯು(5) ಬಿದ್ದುಹೋಯಿತು. ಆಮೇಲೆ ಜಪಾನಿನಲ್ಲಿ ಬಂದ ಸೂಪರ್-ಕಾಮಿಯೋಕಾಂಡೆ ತೊಟ್ಟಿ 50,000 ಟನ್ ನೀರು ತುಂಬಿಕೊಂಡು ನೋಡಿದರೂ ಒಂದೂ ಸಿಕ್ಕಿಲ್ಲ. ಈ ರೀತಿ ಒಡೆಯುವುದಾದರೆ ಆಯುಸ್ಸು 1ರ ಮುಂದೆ 34 ಸೊನ್ನೆಗಿಂತ ಜಾಸ್ತಿ ಇರಬೇಕು.

ಇದನ್ನೆಲ್ಲ ಬಿಟ್ಟು, ಕನ್ನಡದ ಓದುಗರಿಗೆ ಬರೆಯುವಾಗ ಕೋಲಾರದ ಹೆಸರೂ ಎತ್ತದೆ ಮುಗಿಸಿದ್ದು ನನಗೆ ನಿಜಕ್ಕೂ ಬೇಜಾರಾಯಿತು. ಲೇಖನದಲ್ಲಿ ನೀವು ಹಾಕಿದ ಉಪನಿಷತ್ತಿನ ಸಾಲುಗಳನ್ನು ತೆಗೆದು ಆ ಜಾಗದಲ್ಲಿ ಗಣಿಯನ್ನು ತನ್ನಿ. ಸೂಪರ್‌ಸಿಮೆಟ್ರಿ (ಪ್ರತಿ ಕಣಕ್ಕೂ ಒಂದು ಜೋಡಿ ಕಣ ಇದೆ ಅನ್ನುವ ಊಹೆ) ಸೇರಿಸಿದರೆ, ಶಕ್ತಿ ಏರಿದಂತೆ ಮೂರು ಬಲಗಳ ತೀವ್ರತೆ ತೋರಿಸುವ ಗೆರೆಗಳು ಒಂದೇ ಕಡೆ ಕೂಡುತ್ತವೆ ಅನ್ನುವ ಪ್ಯಾರಾ ಮಾತ್ರ ಮುಟ್ಟಬೇಡಿ, ಅದು ಸೊಗಸಾಗಿದೆ. ಆ ಜೋಡಿ ಕಣಗಳು ಇನ್ನೂ ಸಿಕ್ಕಿಲ್ಲ ಅಂತ ಒಂದು ಸಾಲು ಸೇರಿಸಿ ಸಾಕು. ತಿದ್ದಿ ಕಳಿಸಿ, ಯುಗಾದಿ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.