ಯುಕೆಜಿ ಮಗಳಿಗೆ ಸೀತಾಳೆ ಸಿಡುಬು. 21 ದಿನ ಶಾಲೆಗೆ ಕಳಿಸಬೇಡಿ ಅನ್ನುವುದು ಸರಿಯಾ?

ಒಂದು ವಾರ ಸಾಕು ಅಂತ ಡಾಕ್ಟರು ಹೇಳಿದ್ದಾರೆ. ಶಾಲೆಯವರು ಮಾತ್ರ 21 ದಿನ ಬೇಡ, ಬರುವಾಗ ಫಿಟ್‌ನೆಸ್ ಸರ್ಟಿಫಿಕೇಟ್ ತನ್ನಿ, ಮೂರನೇ ಕ್ಲಾಸಿನ ಅಣ್ಣನನ್ನೂ ಕಳಿಸಬೇಡಿ ಅನ್ನುತ್ತಿದ್ದಾರೆ. ಯಾರ ಮಾತು ಕೇಳಬೇಕು ಅನ್ನುವುದು ನಿಮ್ಮ ಪ್ರಶ್ನೆ. ನಾನು ತುಮಕೂರು ಕಡೆ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಮಾಡುವವಳು. ನಮ್ಮ ಶಾಲೆಗೆ ಇಂಥ ನಿಯಮ ಬರೆಯುವಾಗ ಮಕ್ಕಳ ಡಾಕ್ಟರ ಜೊತೆ ಕೂತು ಒಂದೊಂದನ್ನೂ ಕೇಳಿ ತಿಳಿದುಕೊಂಡೆವು. ಡಾಕ್ಟರ ಮಾತು ಕೇಳಿ.

ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟಿದ ಮೇಲೆ ಮಗು ಶಾಲೆಗೆ ಹೋಗಬಹುದು. ಮೊದಲ ಗುಳ್ಳೆ ಕಂಡ ದಿನದಿಂದ ಇದಕ್ಕೆ ಐದಾರು ದಿನ ಬೇಕು, ಕೆಲವರಿಗೆ ಒಂದು ವಾರ. ಹಕ್ಕಳೆ ಉದುರುವವರೆಗೆ ಕಾಯಬೇಕಾಗಿಲ್ಲ. ಕಲೆಯಿಂದ ಯಾರಿಗೂ ಅಂಟುವುದಿಲ್ಲ. ಆದರೆ ಕಳಿಸುವ ಹಿಂದಿನ ದಿನ ಬೆಳಕಿನಲ್ಲಿ ಸರಿಯಾಗಿ ನೋಡಿ. ತಲೆಗೂದಲ ನಡುವೆ, ಕಿವಿಯ ಹಿಂದೆ, ಕಂಕುಳಲ್ಲಿ ಒಂದೇ ಒಂದು ನೀರುಗುಳ್ಳೆ ಉಳಿದಿದ್ದರೂ ಕಳಿಸಬೇಡಿ.

ಹಾಗಾದರೆ ಈ 21 ಎಲ್ಲಿಂದ ಬಂತು? ಸೋಂಕು ತಗುಲಿದ ಮೇಲೆ ಗುಳ್ಳೆ ಏಳಲು 10ರಿಂದ 21 ದಿನ ಹಿಡಿಯುತ್ತದೆ. ಅಂದರೆ ಅದು ನಿಮ್ಮ ಮಗಳ ಪಕ್ಕ ಕೂತಿದ್ದ, ಇನ್ನೂ ಏನೂ ಕಾಣಿಸದ ಮಕ್ಕಳ ಮೇಲೆ ಕಣ್ಣಿಡಬೇಕಾದ ಲೆಕ್ಕ. ಅದನ್ನೇ ಗುಣವಾದ ಮಗುವಿಗೆ ಹಾಕಿದ್ದಾರೆ ಅನ್ನಿಸುತ್ತದೆ.

ಅಣ್ಣ ಆರಾಮಾಗಿದ್ದರೆ ಅವನನ್ನು ತಡೆಯುವ ಅಗತ್ಯ ಇಲ್ಲ. ಆದರೆ ಶಾಲೆಯವರ ಭಯ ಸುಮ್ನೆ ಹುಟ್ಟಿದ್ದೂ ಅಲ್ಲ. ಗುಳ್ಳೆ ಕಾಣುವ ಒಂದೆರಡು ದಿನ ಮೊದಲೇ ಇದು ಬೇರೆಯವರಿಗೆ ಅಂಟುತ್ತದೆ. ಲಸಿಕೆ ಹಾಕಿಸದ, ಹಿಂದೆ ಬಂದಿರದ ಮಕ್ಕಳಿಗೆ ಒಂದೇ ಮನೆಯೊಳಗೆ ತಗುಲುವ ಸಾಧ್ಯತೆ ತುಂಬಾ ಜಾಸ್ತಿ. ಅವನಿಗೆ ಲಸಿಕೆ ಆಗಿದೆಯಾ ಅಂತ ಕಾರ್ಡ್ ತೆಗೆದು ನೋಡಿ. ಇದು ಎರಡು ಡೋಸ್. ಸರ್ಕಾರದ ಉಚಿತ ಲಸಿಕೆಗಳಲ್ಲಿ ಸೇರಿಲ್ಲ, ದುಡ್ಡು ಕೊಟ್ಟು ಹಾಕಿಸಬೇಕು. ಹಾಗಾಗಿ ಎಷ್ಟೋ ಮಕ್ಕಳಿಗೆ ಆಗಿರುವುದೇ ಇಲ್ಲ. ಮನೆಯಲ್ಲಿ ಒಬ್ಬರಿಗೆ ಬಂದ ಮೇಲೂ ಮೂರರಿಂದ ಐದು ದಿನದೊಳಗೆ ಹಾಕಿಸಿದರೆ ಕಾಯಿಲೆ ತಪ್ಪಬಹುದು, ಬಂದರೂ ಹಗುರವಾಗಿ ಹೋಗಬಹುದು. ಆದ್ದರಿಂದ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಮುಂದಿನ ಮೂರು ವಾರ ಬೆಳಿಗ್ಗೆ ಯೂನಿಫಾರ್ಮ್ ಹಾಕುವ ಮೊದಲು ಅವನ ಎದೆ, ಬೆನ್ನು ನೋಡಿ. ಮೈ ಬಿಸಿ ಅನ್ನಿಸಿದರೆ ಅವತ್ತು ಮನೆಯಲ್ಲೇ ಇರಲಿ.

ಇಷ್ಟು ದೊಡ್ಡ ನಿಯಮ ನನಗೆ ಇಷ್ಟವಾಗದಿರುವುದಕ್ಕೆ ಇನ್ನೊಂದು ಕಾರಣ ಇದೆ. ಮೂರು ವಾರ ರಜೆ ಅಂದರೆ ಕೆಲಸಕ್ಕೆ ಹೋಗುವ ತಾಯಿ ಏನು ಮಾಡಬೇಕು? ಮುಂದಿನ ಸಲ ಹೇಳುವುದನ್ನೇ ಬಿಡುತ್ತಾರೆ. ಬೆಳಿಗ್ಗೆ ಎಂಟಕ್ಕೆ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿ ಕಳಿಸುವ ಮಕ್ಕಳನ್ನು ನಾನು ಪ್ರತಿ ಮಳೆಗಾಲದಲ್ಲೂ ನೋಡುತ್ತೇನೆ. ಪ್ರೇಯರಿನಲ್ಲಿ ಚುರುಕಾಗಿಯೇ ನಿಂತಿರುತ್ತವೆ. ಊಟದ ಬೆಲ್ ಹೊಡೆಯುವ ಹೊತ್ತಿಗೆ ಔಷಧದ ಬಲ ಇಳಿದು, ಕಿವಿ ಕೆಂಪಾಗಿ, ಬೆಂಚಿನ ಮೇಲೆ ತಲೆ ಇಟ್ಟು ಮಲಗಿಬಿಡುತ್ತವೆ. ಅಷ್ಟರಲ್ಲಿ ಪಕ್ಕದವರ ಪೆನ್ಸಿಲ್, ನೀರಿನ ಬಾಟಲಿ ಎಲ್ಲ ಕೈ ಬದಲಾಗಿರುತ್ತದೆ. ಫೋನ್ ಮಾಡಿದರೆ ತಾಯಿ ಮೊದಲು ಕೇಳುವುದು, 'ಮಿಸ್, ಇವತ್ತು ಟೆಸ್ಟ್ ಇತ್ತಲ್ವಾ?' ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಒಂದು ದಿನವೂ ತಪ್ಪಿಸದ ಮಗುವಿಗೆ ವಾರ್ಷಿಕೋತ್ಸವದಲ್ಲಿ ಕಪ್ ಕೊಡುವವರು ನಾವೇ. ನಮ್ಮಲ್ಲಿ ಆ ಬಹುಮಾನ ನಿಲ್ಲಿಸಿ, ಕಾಯಿಲೆಯಿಂದ ತಪ್ಪಿದ ಟೆಸ್ಟನ್ನು ಮತ್ತೆ ಬರೆಯಲು ಬಿಟ್ಟೆವು. ಆಮೇಲೆ 'ರಾತ್ರಿ ಜ್ವರ ಇತ್ತು ಮಿಸ್, ಇವತ್ತು ಕಳಿಸಲ್ಲ' ಅನ್ನುವ ಮೆಸೇಜುಗಳು ಬರಲು ಶುರುವಾದವು.

ಕಾಯಿಲೆ ನೋಡಿ ದಿನ ಹೇಳಬೇಕು. ದಡಾರವಾದರೆ ಮೈಮೇಲೆ ಕೆಂಪು ಗಂಧೆ ಎದ್ದು ನಾಲ್ಕು ದಿನ, ಮಂಗನಬಾವಿಗೆ ಗದ್ದ ಊದಿ ಐದು ದಿನ, ವಾಂತಿ ಭೇದಿ ನಿಂತ ಮೇಲೆ ಎರಡು ದಿನ. ಜ್ವರವಾದರೆ, ಔಷಧ ಕೊಡದೆಯೇ ಜ್ವರ ಇಲ್ಲದೆ 24 ಗಂಟೆ ಕಳೆಯಬೇಕು. ಹೇನಿಗೆ ರಜೆಯೇ ಬೇಕಿಲ್ಲ. ನಮ್ಮ ರಾಜ್ಯ ಸರ್ಕಾರವೂ ಮೇ 2025ರ ಕೊನೆಯಲ್ಲಿ, ಕೋವಿಡ್ ಮತ್ತೆ ಕಾಣಿಸಿಕೊಂಡಾಗ, ಜ್ವರ ಕೆಮ್ಮು ನೆಗಡಿ ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಅಂತ ಸುತ್ತೋಲೆ ಹೊರಡಿಸಿತ್ತು.

ಶಾಲೆಯವರ ಹತ್ತಿರ ಜಗಳಕ್ಕೆ ಹೋಗಬೇಡಿ. ಗುಳ್ಳೆ ಕಂಡ ತಾರೀಖು, ಎಲ್ಲ ಒಣಗಿದ ತಾರೀಖು ಬರೆದು ಡಾಕ್ಟರ ಸಹಿ ಇರುವ ಒಂದು ಚೀಟಿ ಕೊಡಿ. ಸರ್ಟಿಫಿಕೇಟ್ ಅಂದರೆ ಅಷ್ಟೇ. ಜೊತೆಗೆ ಒಂದು ಮಾತು ಕೇಳಿ: ಆ ಕ್ಲಾಸಿಗೆ ಹೋಗುವ ಟೀಚರ್ ಅಥವಾ ಆಯಾ ಯಾರಾದರೂ ಗರ್ಭಿಣಿ ಇದ್ದಾರಾ? ಕ್ಯಾನ್ಸರ್ ಚಿಕಿತ್ಸೆಯಲ್ಲೋ ಸ್ಟೀರಾಯ್ಡ್ ಔಷಧದಲ್ಲೋ ಇರುವ ಮಗು ಇದೆಯಾ? ಅಂಥವರಿಗೆ ಸೀತಾಳೆ ಸಿಡುಬು ನಿಜಕ್ಕೂ ಅಪಾಯ. ಅವರಿಗೆ ಅದೇ ದಿನ ವಿಷಯ ತಿಳಿಯಬೇಕು, ತಡಮಾಡದೆ ಡಾಕ್ಟರನ್ನು ಕಾಣಬೇಕು. ಉಳಿದ ಪೋಷಕರಿಗೆ ಕ್ಲಾಸ್ ಗುಂಪಿನಲ್ಲಿ ಮಗುವಿನ ಹೆಸರು ಹಾಕದೆ ತಿಳಿಸಿದರೆ ಸಾಕು.

ಈಗ ಮಗಳ ಕಡೆ ನೋಡಿ. ಉಗುರು ಗಿಡ್ಡ ಕತ್ತರಿಸಿ, ಸಡಿಲ ಹತ್ತಿ ಬಟ್ಟೆ ಹಾಕಿ. ಬೆಚ್ಚಗಿನ ನೀರಲ್ಲಿ ಸ್ನಾನ ಮಾಡಿಸಬಹುದು. ಮನೆಯ ಹಿರಿಯರು ಬೇವಿನ ಸೊಪ್ಪು ಹಾಕಿ ಅಂದರೆ ಹಾಕಿ, ಆದರೆ ಗುಳ್ಳೆ ಉಜ್ಜಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಡಾಕ್ಟರು ಹೇಳಿದ ಅಳತೆಯಲ್ಲಿ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ. ಗುಳ್ಳೆಯ ಸುತ್ತ ಕೆಂಪಾಗಿ ಊದಿ ಕೀವಾದರೆ, ಉಸಿರಾಡಲು ಕಷ್ಟಪಟ್ಟರೆ, ವಾಂತಿ ನಿಲ್ಲದಿದ್ದರೆ, ಮಂಪರಿನಲ್ಲಿದ್ದು ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.